ಗುಜರಿಗೆ ಹಾಕುವ ಮುನ್ನ: ಹಳೆಯ ಗಾಡಿಗಳ ಪರವಾಗಿ ಒಂದಿಷ್ಟು ಮಾಹಿತಿ

ಬಕ್ರೀದ್ ಮುಗಿದ ಮರುವಾರ ನಮ್ಮ ಮನೆ ಮುಂದೆ ಗುಜರಿ ವ್ಯಾಪಾರಿಯೊಬ್ಬರು ಟೆಂಪೊ ನಿಲ್ಲಿಸಿದರು. ಹಿತ್ತಲಿನ ಹುಣಸೆಮರದ ಕೆಳಗೆ ತಗಡಿನ ಶೀಟು ಹೊದ್ದು ನಿಂತಿದ್ದ ದಾದಾ ಅವರ ಅಂಬಾಸಿಡರ್ ಕಾರಿನ ಸುತ್ತ ಎರಡು ಸುತ್ತು ಬಂದರು. ಬಾಗಿಲು ತೆಗೆದು ಮುಚ್ಚಿ ನೋಡಿದರು. ಆಮೇಲೆ ಕಬ್ಬಿಣದ ತೂಕದ ಲೆಕ್ಕದಲ್ಲಿ ಒಂದು ಬೆಲೆ ಹೇಳಿದರು. ಅಬ್ಬಾ ಹೆಚ್ಚುಕಡಿಮೆ ಒಪ್ಪಿಯೇಬಿಟ್ಟಿದ್ದರು. ದಾದಾ ಮಾತ್ರ ಏನೂ ಹೇಳದೆ ಎದ್ದು ಒಳಗೆ ಹೋದರು. ಅಂದು ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ.

ಆ ಕಾರು 1972ರಲ್ಲಿ ನೋಂದಣಿಯಾದದ್ದು. ನಂಬರ್ ಪ್ಲೇಟಿನ ಮೊದಲ ಎರಡು ಅಕ್ಷರ ಎಂವೈ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಂದರೆ ಈ ಕಾರು ರಸ್ತೆಗೆ ಇಳಿದಾಗ ಇದು ಇನ್ನೂ ಮೈಸೂರು ರಾಜ್ಯ. ಕೆಎ ಎಂಬ ಅಕ್ಷರಗಳು ಬಂದದ್ದು 1989ರಲ್ಲಿ. ಅದಕ್ಕೂ ಮೊದಲಿನ ಗಾಡಿಗಳಿಗೆ ಎಂವೈ, ಎಂಇ, ಸಿಎ ಎಂದು ಶುರುವಾಗುವ ನಂಬರುಗಳಿದ್ದವು. ದಾದಾ ಇದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಮಧುಗಿರಿ, ಕೊರಟಗೆರೆ, ತುಮಕೂರು ಮಾರ್ಗದಲ್ಲಿ ಬಾಡಿಗೆಗೆ ಓಡಿಸಿದರು. ಪಾವಗಡ ಕಡೆಯಿಂದ ಹೆರಿಗೆಗೆ ತುಮಕೂರಿಗೆ ಹೋದವರು, ಸಿದ್ದರಬೆಟ್ಟದ ತಪ್ಪಲಿಗೆ ಹೋಗಿ ಬಂದವರು, ನಿಕಾಹ್ ಮುಗಿಸಿ ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳು, ಎಲ್ಲರೂ ಇದರಲ್ಲಿ ಕೂತವರೇ. ನನ್ನ ಅಮ್ಮಿ ಕೂಡ ಮದುವೆಯ ದಿನ ಇದೇ ಕಾರಿನಲ್ಲಿ ನಮ್ಮ ಮನೆಗೆ ಬಂದರಂತೆ.

ವ್ಯಾಪಾರಿ ಹೋದ ಮೇಲೆ ನನಗೆ ಒಂದು ಪ್ರಶ್ನೆ ಹುಟ್ಟಿತು. ಹಳೆಯ ಕಾರುಗಳನ್ನು ಜೋಪಾನ ಮಾಡುವವರು ಪ್ರಪಂಚದ ಎಲ್ಲ ಕಡೆ ಇದ್ದಾರೆ. ಅವರಿಗೆ ಸಂಘಗಳಿವೆ, ಮ್ಯೂಸಿಯಂಗಳಿವೆ, ಕಾನೂನಿನ ರಕ್ಷಣೆಯೂ ಇದೆ ಎಂದು ಕೇಳಿದ್ದೆ. ಹಾಗಾದರೆ ನಮ್ಮಂಥ ಊರಿನ ಒಂದು ಹಳೆಯ ಟ್ಯಾಕ್ಸಿಗೆ ಆ ರಕ್ಷಣೆ ಸಿಗುತ್ತದೆಯೇ? ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಂದು ಹಳೆಯ ಜಾವಾ, ಲ್ಯಾಂಬ್ರೆಟಾ, ಜೀಪು ಅಥವಾ ಫಿಯೆಟ್ ಮೂಲೆ ಸೇರಿರಬಹುದು.

ಎಷ್ಟು ಹಳೆಯದಾದರೆ 'ವಿಂಟೇಜ್'?

ನಾವು ಹಳೆಯ ಕಾರನ್ನೆಲ್ಲ ವಿಂಟೇಜ್ ಎಂದುಬಿಡುತ್ತೇವೆ. ಆದರೆ ಬ್ರಿಟಿಷ್ ಸಂಪ್ರದಾಯದಲ್ಲಿ ಈ ಪದ 1919ರಿಂದ 1930ರವರೆಗೆ ತಯಾರಾದ ಕಾರುಗಳಿಗೆ ಮಾತ್ರ ಸಲ್ಲುತ್ತದೆ. ಅದಕ್ಕೂ ಮೊದಲಿನವು ವೆಟರನ್ ಮತ್ತು ಎಡ್ವರ್ಡಿಯನ್, ನಂತರದವು ಕ್ಲಾಸಿಕ್ ಎಂದು ಹೆಸರು. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 1966ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಕಾರ ಐತಿಹಾಸಿಕ ವಾಹನವೆಂದರೆ ಕನಿಷ್ಠ 30 ವರ್ಷ ಹಳೆಯದಾಗಿರಬೇಕು, ಮೂಲ ಸ್ಥಿತಿಗೆ ತಕ್ಕಂತೆ ಉಳಿದಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಕೆಯಾಗುತ್ತಿರಬಾರದು. ಜರ್ಮನಿಯೂ 30 ವರ್ಷದ ಗಾಡಿಗಳಿಗೆ 1997ರಿಂದ ಎಚ್ ಅಕ್ಷರವಿರುವ ವಿಶೇಷ ನಂಬರ್ ಪ್ಲೇಟ್ ಕೊಡುತ್ತಿದೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚಿನ ಬದಲಾವಣೆಯಾಗದ ಕಾರಿಗೆ ರಸ್ತೆ ತೆರಿಗೆ ಇಲ್ಲ. 2018ರ ಮೇ ತಿಂಗಳಿನಿಂದ ವಾರ್ಷಿಕ ತಪಾಸಣೆಯಿಂದಲೂ ವಿನಾಯಿತಿ ಇದೆ.

ಭಾರತದ ಕಾನೂನು ಹೇಳುವ ವಯಸ್ಸು 50 ವರ್ಷ. ಅದರ ವಿವರಕ್ಕೆ ಮುಂದೆ ಬರುತ್ತೇನೆ.

ಕೇಳಿ ಪಡೆದ ಹಕ್ಕು

ಇಂದು ಹಳೆಯ ಕಾರುಗಳಿಗೆ ಇರುವ ಸೌಲಭ್ಯಗಳು ತಾವಾಗಿಯೇ ಬಂದವಲ್ಲ. ವಾಹನಪ್ರಿಯರು ಒಟ್ಟಾಗಿ ಕೇಳಿದ್ದರಿಂದ ಬಂದವು. ಇದರ ಇತಿಹಾಸ ಕಾರಿನಷ್ಟೇ ಹಳೆಯದು. ಇಂಗ್ಲೆಂಡಿನಲ್ಲಿ ಮೊದಲ ಕಾರುಗಳು ಬಂದಾಗ ಅವು ಕುದುರೆಗಾಡಿಗಿಂತ ನಿಧಾನವಾಗಿ ಹೋಗಬೇಕಾದಂಥ ಕಾನೂನುಗಳಿದ್ದವು. 1896ರಲ್ಲಿ ಆ ಕಾನೂನು ಸಡಿಲವಾಗಿ ವೇಗದ ಮಿತಿ ಗಂಟೆಗೆ 14 ಮೈಲಿಗೆ, ಅಂದರೆ ಸುಮಾರು 22 ಕಿ.ಮೀ.ಗೆ ಏರಿತು. ಆ ಸಂತೋಷಕ್ಕೆ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್‌ವರೆಗೆ ಕಾರುಗಳ ಓಟ ನಡೆಯಿತು. ಅದರ ನೆನಪಿಗೆ ಇಂದಿಗೂ ಪ್ರತಿ ನವೆಂಬರ್‌ನಲ್ಲಿ ಅದೇ ದಾರಿಯಲ್ಲಿ 1905ಕ್ಕಿಂತ ಮೊದಲಿನ ಕಾರುಗಳು ಓಡುತ್ತವೆ. ಅಮೆರಿಕದಲ್ಲಿ ಬಿಡಿಭಾಗ ಉದ್ಯಮದವರ ಸಂಘವಾದ ಸೆಮಾ ಪ್ರಯತ್ನದಿಂದ 2010ರಲ್ಲಿ ಅಲ್ಲಿನ ಸೆನೆಟ್ ಹಳೆಯ ಕಾರುಗಳಿಗೆಂದೇ ಜುಲೈ ತಿಂಗಳಲ್ಲಿ ಒಂದು ದಿನವನ್ನು ಗುರುತಿಸಿತು. ಕಾರು ಇಟ್ಟುಕೊಂಡವರಿಗಾಗಿ ಬಿಡಿಭಾಗ ಮಾರುವವರು ಏಕೆ ಓಡಾಡಿದರು? ಹಳೆಯ ಕಾರು ಉಳಿದರೆ ಅದರ ಸುತ್ತ ಬಣ್ಣ ಹೊಡೆಯುವವರು, ಸೀಟು ಹೊಲಿಯುವವರು, ಲೇತ್ ನಡೆಸುವವರು ಎಲ್ಲರೂ ಬದುಕುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಭಾರತದಲ್ಲಿ ದಿ ಸ್ಟೇಟ್ಸ್‌ಮನ್ ಪತ್ರಿಕೆಯ ವಿಂಟೇಜ್ ಕಾರ್ ರ‍್ಯಾಲಿ 1964ರಲ್ಲಿ ಆರಂಭವಾಯಿತು. ಮುಂಬೈ, ಕೋಲ್ಕತ್ತ, ಚೆನ್ನೈ, ಬೆಂಗಳೂರುಗಳಲ್ಲಿ ಸಂಘಗಳು ಹುಟ್ಟಿದವು. ನಮ್ಮ ರಾಜ್ಯದಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ದೇಶದ ಸಂಘಗಳನ್ನು ಒಂದುಗೂಡಿಸುವ ಫೆಡರೇಷನ್ ಆಫ್ ಹಿಸ್ಟಾರಿಕ್ ವೆಹಿಕಲ್ಸ್ ಆಫ್ ಇಂಡಿಯಾ ಎಂಬ ಒಕ್ಕೂಟವೂ ಇದೆ. ಹಳೆಯ ಗಾಡಿಗಳನ್ನು ಸಾಮಾನ್ಯ ಗಾಡಿಗಳಂತೆ ನೋಡಬೇಡಿ, ಅವಕ್ಕೆ ಪ್ರತ್ಯೇಕ ನಿಯಮ ಬೇಕು ಎಂಬುದು ಇಂಥ ಸಂಘಗಳ ಬೇಡಿಕೆಯಾಗಿತ್ತು.

ನಮ್ಮ ರಾಜ್ಯದ ಕಥೆ

ಕಾರಿಗೂ ನಮಗೂ ಏನು ಸಂಬಂಧ ಎಂದುಕೊಳ್ಳಬೇಡಿ. ಭಾರತದ ಮೊದಲ ದೊಡ್ಡ ಕಾರು ಕಾರ್ಖಾನೆ ನಮ್ಮ ಮೈಸೂರು ಸಂಸ್ಥಾನದಲ್ಲೇ ಆಗಬಹುದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪ್ ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲಿ ಮೋಟಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ದಿವಾನಗಿರಿ ನಡೆಸಿದವರು. ಅವರು ಈ ಕಾರ್ಖಾನೆಗೆ ಬೆಂಬಲ ಕೊಡಲು ಸಿದ್ಧರಿದ್ದರು. ಆದರೆ ಬ್ರಿಟಿಷ್ ಸರ್ಕಾರ ಅಡ್ಡಿಯಾಯಿತು. ವಾಲ್‌ಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದರು. ಅದೇ ಇಂದಿನ ಎಚ್‌ಎಎಲ್. ಕಾರು ಕಾರ್ಖಾನೆ ಮಾತ್ರ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಬೊಂಬಾಯಿಗೆ ಹೋಯಿತು. ಮುಂದೆ ಫಿಯೆಟ್, ಪದ್ಮಿನಿ ಕಾರುಗಳು ಬಂದದ್ದು ಅಲ್ಲಿಂದಲೇ. ಹಳೆಯ ಪದ್ಮಿನಿಯೊಂದನ್ನು ನೋಡಿದಾಗ ಮಿರ್ಜಾ ಸಾಹೇಬರನ್ನೂ ವಿಶ್ವೇಶ್ವರಯ್ಯನವರನ್ನೂ ನೆನೆಯುವುದು ತಪ್ಪಾಗದು.

ಮೈಸೂರಿಗೆ ಕಾರು ತಪ್ಪಿದರೂ ಬೈಕು ಬಂತು. 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಂಪನಿ ಯಾದವಗಿರಿಯಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸಿತು. 1970ರ ದಶಕದಿಂದ ಅದೇ ಬೈಕು ಯೆಜ್ಡಿ ಎನಿಸಿತು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿ ಗೇರ್ ಕಡ್ಡಿಯಾಗಿ ಬಳಸುವುದು ಅದರ ವಿಶೇಷ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಇಂದಿಗೂ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನವೆಂದು ನೂರಾರು ಜನ ತಮ್ಮ ಬೈಕುಗಳೊಂದಿಗೆ ಒಂದೆಡೆ ಸೇರುತ್ತಾರೆ. ಕಂಪನಿ ಮುಚ್ಚಿದ ಮೇಲೂ ಗಾಡಿಗಳು ಓಡುತ್ತಿರುವುದು ಮಾಲೀಕರ ಅಕ್ಕರೆ ಮತ್ತು ಮೆಕ್ಯಾನಿಕ್‌ಗಳ ಕೈಗುಣದಿಂದ.

ನೋಡಬೇಕೆನ್ನುವವರಿಗೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರು ವಿಭಾಗವಿದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳು ಅಲ್ಲಿವೆ. ಅವರೇ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಸಮೀಪ 'ಪಯಣ' ಎಂಬ ಕಾರು ಮ್ಯೂಸಿಯಂ ಕಟ್ಟಿಸಿದ್ದಾರೆ. ಅದು 2023ರಲ್ಲಿ ಆರಂಭವಾಯಿತು. ಕಾಲೇಜು ಪ್ರವಾಸ ಮೈಸೂರಿನ ಕಡೆ ಹೊರಟರೆ ಅದನ್ನೂ ಪಟ್ಟಿಯಲ್ಲಿ ಸೇರಿಸಬೇಕೆಂದು ನಮ್ಮ ಉಪನ್ಯಾಸಕರಲ್ಲಿ ವಿನಂತಿ.

2021ರ ನಿಯಮ ಏನು ಹೇಳುತ್ತದೆ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರ ನವೆಂಬರ್‌ನಲ್ಲಿ ವಿಂಟೇಜ್ ವಾಹನಗಳ ಕರಡು ನಿಯಮ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ರಾಜ್ಯಶಾಸ್ತ್ರ ಓದುವವರು ಇದನ್ನು ಗಮನಿಸಬೇಕು. ಕರಡು ಹೊರಬಂದಾಗ ಯಾವ ಪ್ರಜೆಯೂ ಆಕ್ಷೇಪಣೆ, ಸಲಹೆ ಬರೆದು ಕಳಿಸಬಹುದು. ಅಂತಿಮ ನಿಯಮ 2021ರ ಜುಲೈ 15ರಂದು ಹೊರಬಿತ್ತು. ಅದರ ಮುಖ್ಯ ಅಂಶಗಳು ಇವು:

ಮೊದಲನೆಯದು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಎಲ್ಲ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್ ಎನಿಸಿಕೊಳ್ಳಬಹುದು. ಹೊರದೇಶದಿಂದ ತಂದವೂ ಸೇರಿವೆ.

ಎರಡನೆಯದು, ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು.

ಮೂರನೆಯದು, ಅರ್ಜಿ ಫಾರಂ 20ರಲ್ಲಿ, ಪರಿವಾಹನ್ ಪೋರ್ಟಲ್ ಮೂಲಕ. ಜೊತೆಗೆ ಇನ್ಶೂರೆನ್ಸ್, ಶುಲ್ಕ, ಇಲ್ಲೇ ನೋಂದಣಿಯಾದ ಗಾಡಿಯಾಗಿದ್ದರೆ ಹಳೆಯ ಆರ್‌ಸಿ, ಆಮದು ಮಾಡಿದ್ದಾದರೆ ಕಸ್ಟಮ್ಸ್ ದಾಖಲೆ ಬೇಕು. 60 ದಿನಗಳೊಳಗೆ ಪ್ರಮಾಣಪತ್ರ ಕೊಡಬೇಕು.

ನಾಲ್ಕನೆಯದು, ಈಗಾಗಲೇ ನೋಂದಣಿ ಇರುವ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿ ಮಾಡಿಸುವುದಕ್ಕೆ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದು ಬರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ಪ್ರಮಾಣಪತ್ರ 10 ವರ್ಷ ನಡೆಯುತ್ತದೆ.

ಐದನೆಯದು, ಈ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ, ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು.

ಲೆಕ್ಕ ಹಾಕಿ ನೋಡಿ. 1976ರಲ್ಲಿ ನೋಂದಣಿಯಾದ ಗಾಡಿ 2026ರಲ್ಲಿ ಅರ್ಹವಾಗುತ್ತದೆ. ಬಜಾಜ್ ಚೇತಕ್ ಬಂದದ್ದು 1972ರಲ್ಲಿ. ಅದರ ಮೊದಲ ಸ್ಕೂಟರುಗಳು ಈಗಾಗಲೇ ಅರ್ಹ. ಮಾರುತಿ 800 ಮೊದಲ ಗ್ರಾಹಕರ ಕೈಸೇರಿದ್ದು 1983ರ ಡಿಸೆಂಬರ್‌ನಲ್ಲಿ. ಅದು ಅರ್ಹವಾಗುವುದು 2033ರ ಕೊನೆಗೆ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಕೊನೆಯ ಅಂಬಾಸಿಡರ್ ವಿಂಟೇಜ್ ಆಗುವುದು 2064ರಲ್ಲಿ. ಆಗ ನಾವು ದಾದಾ, ನಾನಿ ಆಗಿರುತ್ತೇವೆ.

ಹದಿನೈದರಿಂದ ಐವತ್ತರವರೆಗಿನ ದಾರಿ

ನಿಜವಾದ ಕಷ್ಟ ಇಲ್ಲಿದೆ. ಐವತ್ತು ತಲುಪಬೇಕಾದರೆ ಗಾಡಿ ಮೊದಲು ಹದಿನೈದನ್ನು ದಾಟಬೇಕು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣದ ಶುಲ್ಕ ಕಾರಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. ಬೈಕಿಗೆ 300 ಇದ್ದದ್ದು 1,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000, ಬೈಕಿಗೆ 2,000 ಎಂದು ಇನ್ನೂ ಏರಿತು. ಇದರ ಮೇಲೆ ಹಸಿರು ತೆರಿಗೆ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಖರ್ಚು ಬೇರೆ.

2021ರ ಆಗಸ್ಟ್ 13ರಂದು ಆರಂಭವಾದ ಗುಜರಿ ನೀತಿಯ ಉದ್ದೇಶ ಹೊಗೆಯುಗುಳುವ ಹಳೆಯ ಗಾಡಿಗಳನ್ನು ರಸ್ತೆಯಿಂದ ಇಳಿಸುವುದು. ಅದು ತಪ್ಪಲ್ಲ. ಆದರೆ ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಹರಡಿದೆ: 15 ವರ್ಷ ಆದ ಕಾರನ್ನು ಸರ್ಕಾರ ಎಳೆದುಕೊಂಡು ಹೋಗುತ್ತದೆ ಎಂದು. ವಯಸ್ಸಿನ ಮೇಲೆಯೇ ಗಾಡಿ ನಿಲ್ಲಿಸುವ ಆದೇಶ ಬಂದದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ಅಲ್ಲಿ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಎಂದು ಮಿತಿ ಹಾಕಲಾಗಿತ್ತು. ಕರ್ನಾಟಕದಲ್ಲಿ ಖಾಸಗಿ ಗಾಡಿ ತಪಾಸಣೆಯಲ್ಲಿ ಪಾಸಾದರೆ ಓಡಬಹುದು. ಈ ವಿಷಯ ಗೊತ್ತಿಲ್ಲದೆ ಹೆದರಿ ಗಾಡಿಯನ್ನು ಕೆ.ಜಿ. ಲೆಕ್ಕಕ್ಕೆ ಕೊಟ್ಟವರು ಎಷ್ಟೋ ಮಂದಿ. ಜರ್ಮನಿಯಂತೆ 30 ವರ್ಷಕ್ಕೆ ಮಾನ್ಯತೆ ಸಿಕ್ಕರೆ ಈ ನಡುವಿನ ದಾರಿ ಅರ್ಧಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ನಮ್ಮ ದೇಶದ ವಾಹನಪ್ರಿಯರು ಮುಂದೆ ಕೇಳಬೇಕಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ.

ಇದು ಶ್ರೀಮಂತರ ಶೋಕಿಯಲ್ಲವೇ? ಹೊಗೆಯ ಗತಿ ಏನು?

ನಮ್ಮ ತರಗತಿಯಲ್ಲಿ ಈ ವಿಷಯ ಎತ್ತಿದಾಗ ಗೆಳತಿಯೊಬ್ಬಳು ಕೇಳಿದ ಪ್ರಶ್ನೆಗಳು ಇವು. ಎರಡೂ ನ್ಯಾಯವಾದ ಪ್ರಶ್ನೆಗಳೇ.

ರೋಲ್ಸ್ ರಾಯ್ಸ್ ಇಟ್ಟುಕೊಳ್ಳುವುದು ಖಂಡಿತ ಶ್ರೀಮಂತರ ಕೆಲಸ. ಆದರೆ ನಿಯಮ ರೋಲ್ಸ್ ರಾಯ್ಸ್‌ಗೂ ಲೂನಾಗೂ ಒಂದೇ. ಹಾಲಿನ ಕ್ಯಾನ್ ಹೊತ್ತ ರಾಜದೂತ್, ಮೇಷ್ಟರನ್ನು ಶಾಲೆಗೆ ಕರೆದೊಯ್ದ ಲ್ಯಾಂಬ್ರೆಟಾ, ಶಿರಾ ಸಂತೆಗೆ ಈರುಳ್ಳಿ, ಕಡಲೆಕಾಯಿ ಮೂಟೆ ತಂದ ಜೀಪು, ಇವೂ ನಮ್ಮ ಚರಿತ್ರೆಯ ಭಾಗಗಳೇ. ಅರಸರ ಕಾರನ್ನು ಅರಮನೆ ಉಳಿಸಿಕೊಳ್ಳುತ್ತದೆ. ಟ್ಯಾಕ್ಸಿಯವನ ಕಾರನ್ನು ಅವನ ಮನೆಯವರು ಉಳಿಸದಿದ್ದರೆ ಬೇರೆ ಯಾರೂ ಉಳಿಸುವುದಿಲ್ಲ. ಮುಂಬೈಯಲ್ಲಿ ಆರು ದಶಕ ಓಡಿದ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ಕೊನೆಗೊಂಡಾಗ, ಒಂದನ್ನಾದರೂ ಮ್ಯೂಸಿಯಂನಲ್ಲಿ ಇಡಿ ಎಂದು ಜನ ಕೇಳಿಕೊಂಡರು.

ಹೊಗೆಯ ವಿಷಯದಲ್ಲಿ ಮುಚ್ಚುಮರೆ ಬೇಡ. ಹಳೆಯ ಇಂಜಿನ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. ಪ್ರತಿ ಕಿಲೋಮೀಟರಿಗೆ ಅವು ಹೊಸ ಕಾರಿಗಿಂತ ಹೆಚ್ಚು ವಿಷಗಾಳಿ ಬಿಡುತ್ತವೆ. ಅದಕ್ಕೇ ನಿಯಮ ಅವುಗಳನ್ನು ದಿನದ ಓಡಾಟದಿಂದ ದೂರ ಇಟ್ಟಿದೆ. ವರ್ಷದಲ್ಲಿ ಕೆಲವೇ ದಿನ ಹೊರಬರುವ ಗಾಡಿಯ ಹೊಗೆ, ದಿನವೂ ಹೆದ್ದಾರಿಯಲ್ಲಿ ಓಡುವ ಗಾಡಿಗಳ ಮುಂದೆ ಬಹಳ ಕಡಿಮೆ. ಪಾವಗಡದ ತಿರುಮಣಿಯಲ್ಲಿ 2,000 ಮೆಗಾವ್ಯಾಟ್‌ಗೂ ಹೆಚ್ಚು ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ನಾಳೆ ನಮ್ಮ ಕಾರುಗಳು ಅಂಥ ವಿದ್ಯುತ್ತಿನಿಂದಲೇ ಓಡಬಹುದು, ಓಡಲಿ. ಪೆಟ್ರೋಲ್ ಕಾರು ಹೇಗಿತ್ತು ಎಂದು ಮುಂದಿನವರು ಕೇಳಿದಾಗ ತೋರಿಸಲು ಒಂದೆರಡಾದರೂ ಉಳಿದಿರಲಿ ಎಂಬುದಷ್ಟೇ ಈ ವಾದ.

ಉಸ್ತಾದರ ಕೈಯಲ್ಲಿರುವ ವಿದ್ಯೆ

ಹಳೆಯ ಗಾಡಿಯ ಜೊತೆ ಒಂದು ವಿದ್ಯೆಯೂ ಉಳಿಯುತ್ತದೆ. ನಮ್ಮ ಸಮುದಾಯದ ಎಷ್ಟೋ ಮನೆಗಳು ಈ ವಿದ್ಯೆಯಿಂದ ಅನ್ನ ಕಂಡಿವೆ. ಶಿರಾ ಹೆದ್ದಾರಿಯ ಬದಿಯ ಗ್ಯಾರೇಜುಗಳಲ್ಲಿ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ, ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಟಿಂಕರಿಂಗ್, ವೆಲ್ಡಿಂಗ್, ರೇಡಿಯೇಟರ್, ಕುಶನ್ ಕೆಲಸ ಮಾಡುವ ನಮ್ಮ ಚಾಚಾ, ಮಾಮುಗಳನ್ನು ಕಾಣಬಹುದು. ನನ್ನ ಚಾಚಾ ಓದಿದ್ದು ಏಳನೇ ತರಗತಿ. ಇಂಜಿನ್ ಸದ್ದು ಕೇಳಿಯೇ ಯಾವ ವಾಲ್ವ್ ಸಡಿಲವಾಗಿದೆ ಎಂದು ಹೇಳುತ್ತಾರೆ.

ಹೊಸ ಕಾರು ಕೆಟ್ಟರೆ ಕಂಪ್ಯೂಟರ್ ಜೋಡಿಸಿ ದೋಷದ ಸಂಖ್ಯೆ ನೋಡಿ ಇಡೀ ಭಾಗವನ್ನೇ ಬದಲಿಸುತ್ತಾರೆ. ಹಳೆಯ ಕಾರಿನಲ್ಲಿ ಕಣ್ಣಿಗೆ ಕಾಣುವ ಭೌತಶಾಸ್ತ್ರವಿದೆ. ಸಿ.ಬಿ. ಪಾಯಿಂಟಿನ ಎರಡು ತುದಿಗಳ ನಡುವೆ ಸುಮಾರು 0.4 ಮಿ.ಮೀ. ಅಂತರ ಇರಬೇಕು. ಅದು ತೆರೆದ ಕ್ಷಣದಲ್ಲಿ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು ಸಾವಿರಾರು ವೋಲ್ಟ್ ಹುಟ್ಟುತ್ತದೆ, ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ನಾವು ಪುಸ್ತಕದಲ್ಲಿ ಓದುವ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಕಾರ್ಬುರೇಟರ್ ಕೆಲಸ ಮಾಡುವುದು ಬರ್ನೌಲಿ ತತ್ವದ ಮೇಲೆ. ಕಿರಿದಾದ ಕೊಳವೆಯಲ್ಲಿ ಗಾಳಿ ವೇಗವಾಗಿ ಹರಿದಾಗ ಒತ್ತಡ ಇಳಿಯುತ್ತದೆ, ಪೆಟ್ರೋಲ್ ಮೇಲೆದ್ದು ಗಾಳಿಯೊಂದಿಗೆ ಬೆರೆಯುತ್ತದೆ. ಚಾಚಾಗೆ ಬರ್ನೌಲಿಯ ಹೆಸರು ಗೊತ್ತಿಲ್ಲ, ಆದರೆ ಜೆಟ್ ಎಷ್ಟು ತಿರುಗಿಸಬೇಕೆಂಬುದು ಗೊತ್ತು.

ಈಗ ಹೊಸ ಸವಾಲೊಂದು ಬಂದಿದೆ. ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕು ತುಕ್ಕು ಹಿಡಿಯಬಹುದು. ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳು ಉಬ್ಬಿ ಬಿರಿಯಬಹುದು. ಪೈಪು ಸೋರಿದರೆ ಬೆಂಕಿಯ ಅಪಾಯವೂ ಉಂಟು. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ನ ಸುಮಾರು ಮೂರನೇ ಎರಡರಷ್ಟು ಮಾತ್ರ. ಹೊಸ ಕಾರಿನ ಕಂಪ್ಯೂಟರ್ ಇದಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಕಾರ್ಬುರೇಟರ್ ಹೊಂದಿಕೊಳ್ಳುವುದಿಲ್ಲ, ಕೈಯಿಂದಲೇ ಸರಿಮಾಡಬೇಕು. ಎಥನಾಲ್ ತಡೆಯುವ ಪೈಪು ಹಾಕಿಸುವುದು, ಗಾಡಿ ನಿಲ್ಲಿಸುವ ಮುನ್ನ ಟ್ಯಾಂಕು ಖಾಲಿ ಮಾಡುವುದು, ಹದಿನೈದು ದಿನಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡುವ ಗಾಡಿಗೆ ಹೊಸ ಪೆಟ್ರೋಲ್ ಹಾಕುವುದು ಚಾಚಾ ಹೇಳುವ ಉಪಾಯಗಳು.

ನಾವೇನು ಮಾಡಬಹುದು?

ನಮ್ಮಲ್ಲಿ ಹಣವಿಲ್ಲ, ಕಾರು ಕೊಳ್ಳುವ ವಯಸ್ಸೂ ಅಲ್ಲ. ಆದರೂ ನಮ್ಮಿಂದ ಆಗುವ ಕೆಲಸಗಳಿವೆ.

ಮನೆಯಲ್ಲಿ ಹಳೆಯ ಗಾಡಿ ಇದ್ದರೆ ಮೊದಲು ಅದರ ಕಾಗದಗಳನ್ನು ಹುಡುಕಿ. ಆರ್‌ಸಿ, ತೆರಿಗೆ ಕಾರ್ಡು, ಕೊಂಡ ರಸೀದಿ ಎಲ್ಲವನ್ನೂ ಒಂದು ಕವರಿನಲ್ಲಿ ಇಡಿ. ಕಾಗದವಿಲ್ಲದ ಕಾರು ಕಾನೂನಿನ ಕಣ್ಣಿಗೆ ಬರೀ ಕಬ್ಬಿಣ. ಚಾಸಿ ನಂಬರ್, ಇಂಜಿನ್ ನಂಬರ್‌ಗಳನ್ನು ಆರ್‌ಸಿಯೊಂದಿಗೆ ಹೋಲಿಸಿ ಬರೆದಿಡಿ.

ಅಂದ ಮಾಡಲು ಹೋಗಿ ಮೂಲ ಭಾಗಗಳನ್ನು ಬಿಸಾಡಬೇಡಿ. ಜಾವಾಗೆ ಹೊಸ ಬಗೆಯ ಹ್ಯಾಂಡಲ್, ಜೀಪಿಗೆ ದಪ್ಪ ಟೈರ್ ಹಾಕಿಸುವ ಹುಡುಗರೇ, ತೆಗೆದ ಭಾಗವನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಾದರೂ ಇಡಿ. ಫೀವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಹೇಳುವುದೂ ಇದನ್ನೇ: ಬದಲಾವಣೆ ಆದಷ್ಟು ಕಡಿಮೆ ಇರಲಿ, ಮಾಡಿದ್ದಕ್ಕೆ ದಾಖಲೆ ಇರಲಿ.

ಉಸ್ತಾದರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಯಾವ ಗಾಡಿಗೆ ಯಾವ ಭಾಗ ಹೊಂದುತ್ತದೆ, ಎಲ್ಲಿ ಸಿಗುತ್ತದೆ, ಯಾವ ಸದ್ದಿಗೆ ಯಾವ ಮದ್ದು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ.

ನಾಲ್ಕೂ ತಾಲ್ಲೂಕಿನಿಂದ ನಮ್ಮ ಕಾಲೇಜಿಗೆ ಬರುವವರಿದ್ದೇವೆ. ಪ್ರತಿಯೊಬ್ಬರೂ ತಮ್ಮ ಬೀದಿಯ ಹಳೆಯ ಗಾಡಿಗಳ ಪಟ್ಟಿ ಮಾಡಿದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಒಂದು ಪುಟ್ಟ ದಾಖಲೆಯೇ ಆಗುತ್ತದೆ. ಗಾಡಿ ಯಾವುದು, ಯಾವ ವರ್ಷದ್ದು, ಯಾರ ಬದುಕಿಗೆ ಆಸರೆಯಾಗಿತ್ತು ಎಂಬ ಮೂರು ಸಾಲು ಸಾಕು. ಕಾಲೇಜು ವಾರ್ಷಿಕೋತ್ಸವದ ದಿನ ಮೈದಾನದಲ್ಲಿ ನಾಲ್ಕಾರು ಗಾಡಿಗಳನ್ನು ನಿಲ್ಲಿಸಿ, ಪಕ್ಕದಲ್ಲಿ ಅವುಗಳ ಮಾಲೀಕರನ್ನೂ ಮೆಕ್ಯಾನಿಕ್‌ಗಳನ್ನೂ ಕೂರಿಸಿ ಮಾತನಾಡಿಸಬಹುದು. ಪ್ರಾಂಶುಪಾಲರು ಅನುಮತಿ ಕೊಡುತ್ತಾರೆಂಬ ಭರವಸೆ ನನಗಿದೆ.

ದಾದಾ ಅವರ ಕಾರು ಏನಾಯಿತು?

ನಮ್ಮ ಅಂಬಾಸಿಡರ್‌ಗೆ 2022ರಲ್ಲೇ ಐವತ್ತು ತುಂಬಿದೆ. ನಿಯಮ ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ದಾದಾ ಮೆಲ್ಲಗೆ ಒಂದು ಮಾತು ಹೇಳಿದರು. ಪೆಟ್ರೋಲ್ ದುಬಾರಿಯಾಗಿ ಬಾಡಿಗೆ ಗಿಟ್ಟದೆ ಹೋದಾಗ, 1988ರಲ್ಲಿ ಅವರು 1489 ಸಿಸಿಯ ಮೂಲ ಪೆಟ್ರೋಲ್ ಇಂಜಿನ್ ತೆಗೆಸಿ ಡೀಸೆಲ್ ಇಂಜಿನ್ ಕೂರಿಸಿದ್ದರು. ಆಗ ಎಷ್ಟೋ ಟ್ಯಾಕ್ಸಿಯವರು ಮಾಡಿದ ಕೆಲಸವೇ ಅದು. ಆರ್‌ಸಿಯಲ್ಲೂ ಡೀಸೆಲ್ ಎಂದೇ ಇದೆ. ತೆಗೆದ ಇಂಜಿನನ್ನು ಇರಿಸಿದ್ದ ಗ್ಯಾರೇಜು ಈಗ ಇಲ್ಲ, ಆ ಜಾಗದಲ್ಲಿ ಕಾಂಪ್ಲೆಕ್ಸ್ ಎದ್ದಿದೆ. "ಮೂರು ಹೆಣ್ಣುಮಕ್ಕಳ ಮದುವೆ ಆಗಬೇಕಿತ್ತಪ್ಪಾ, ಇಂಜಿನ್ ಜೋಪಾನ ಮಾಡಿ ಏನು ಮಾಡಲಿ ಅಂದುಕೊಂಡೆ" ಎಂದರು.

ನಿಯಮದ ಎರಡನೇ ಅಂಶ ನೆನಪಿಸಿಕೊಳ್ಳಿ. ಇಂಜಿನ್ ಬದಲಾದ ಈ ಕಾರು ಇಂದಿನ ಸ್ಥಿತಿಯಲ್ಲಿ ವಿಂಟೇಜ್ ಎನಿಸುವುದಿಲ್ಲ. ದುಡಿದು ತಿಂದ ಗಾಡಿಗಳಲ್ಲಿ ಮೂಲ ರೂಪದಲ್ಲಿ ಉಳಿದವು ಕಡಿಮೆ. ಗ್ಯಾರೇಜಿನಲ್ಲಿ ಹೊದಿಕೆ ಹೊದಿಸಿಟ್ಟ ಕಾರಿಗೆ ಸುಲಭವಾದ ನಿಯಮ, ಮನೆ ಸಾಕಿದ ಕಾರಿಗೆ ಕಷ್ಟವಾಗುತ್ತದೆ. ಮುಂದಿನ ಕರಡು ಯಾವಾಗಲಾದರೂ ಬಂದರೆ, ಆ ಕಾಲದಲ್ಲೇ ಆದ, ಆರ್‌ಸಿಯಲ್ಲೇ ದಾಖಲಾದ ಬದಲಾವಣೆಗೆ ರಿಯಾಯಿತಿ ಕೊಡಿ ಎಂದು ನಾನೊಂದು ಪತ್ರ ಬರೆಯುತ್ತೇನೆ.

ಸದ್ಯಕ್ಕೆ ಅಬ್ಬಾ ಗುಜರಿಯವರಿಗೆ ಆರು ತಿಂಗಳು ತಡೆಯಿರಿ ಎಂದಿದ್ದಾರೆ. ಅದೇ ಕಾಲದ ಪೆಟ್ರೋಲ್ ಇಂಜಿನ್ ಎಲ್ಲಾದರೂ ಸಿಕ್ಕೀತೇ ಎಂದು ಚಾಚಾ ಶಿವಾಜಿನಗರದಲ್ಲಿ ಪರಿಚಯದವರಿಗೆ ಹೇಳಿಟ್ಟಿದ್ದಾರೆ. ಸಿಕ್ಕರೆ ಕೂರಿಸಿ, ಕಾಗದ ಸರಿಮಾಡಿಸಿ, ಅರ್ಜಿ ಹಾಕುವುದು ಎಂದು ತೀರ್ಮಾನವಾಗಿದೆ. ಖರ್ಚಿನ ಮಾತು ಬಂದಾಗ ಅಬ್ಬಾ ಸುಮ್ಮನಾಗುತ್ತಾರೆ. ಭಾನುವಾರ ಬೆಳಿಗ್ಗೆ ದಾದಾ ಬಕೆಟ್ಟು ಹಿಡಿದು ಹುಣಸೆಮರದ ಕೆಳಗೆ ಹೋಗುತ್ತಾರೆ. ನಾನು ಶೀಟು ತೆಗೆದುಕೊಡುತ್ತೇನೆ, ಅವರು ಕಾರು ಒರೆಸುತ್ತಾರೆ. ನಿಮ್ಮ ಊರಿನ ಯಾವುದಾದರೂ ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಅಂಬಾಸಿಡರ್ ಪೆಟ್ರೋಲ್ ಇಂಜಿನ್ ಬಿದ್ದಿದ್ದರೆ ದಯವಿಟ್ಟು ನನಗೆ ತಿಳಿಸಿ.

– ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ